ಮೊದಲ ಸಾಲಿನ ಕುರ್ಚಿ ಮತ್ತು ಹಾಳೆಬೀಸಣಿಗೆ

ದೊಡ್ಡ ಗಾಯಕರ ಕಛೇರಿಗೆ ಹೋಗುವವರು ತಿಳಿದಿರಲೇಬೇಕಾದ ನಿಯಮಗಳು ಒಟ್ಟು ಹದಿನೇಳು. ಇವನ್ನು ಯಾವ ಶಾಸ್ತ್ರಗ್ರಂಥದಲ್ಲೂ ಹುಡುಕಬೇಡಿ, ಸಿಗುವುದಿಲ್ಲ. ಶಿರಾಲಿಯ ಕನ್ನಡ ಶಾಲೆಯ ಮಾಸ್ತರನಾದ ನಾನೇ, ಅಂದರೆ ಮಹಾಗಣಪತಿ ಎಂಬ ಈ ಬಡಪಾಯಿಯೇ, ನೂರು ಪುಟದ ಪಟ್ಟಿಯಲ್ಲಿ ಕೆಂಪು ಮಸಿಯಿಂದ ಅವನ್ನು ಬರೆದಿಟ್ಟಿದ್ದೆ. ಆ ಪಟ್ಟಿಯಲ್ಲಿ ಈಗ ಉಳಿದಿರುವುದು ರಟ್ಟು ಮಾತ್ರ. ಹಾಳೆಗಳೆಲ್ಲ ದಿನಕ್ಕೊಂದರಂತೆ ಒಲೆ ಹೊತ್ತಿಸಲು ಹೋದವು. ಹೋಗಲಿ, ನನಗೆ ದುಃಖವಿಲ್ಲ. ಕುಮಟೆಯಲ್ಲಿ ಐನೂರು ಜನರ ಎದುರು ನನಗೆ ಸಿಕ್ಕ ಗೌರವ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೂ ಯಾರಿಗೂ ಸಿಕ್ಕಿರಲಿಲ್ಲ, ಮೈಸೂರಿಗೆ ಸೇರಿದ ಈ ಆರು ವರ್ಷಗಳಲ್ಲೂ ಸಿಕ್ಕಿಲ್ಲ. ಆ ಗೌರವ ಯಾವ ದಾರಿಯಿಂದ ಬಂತು ಎಂಬುದಷ್ಟೇ ಸ್ವಲ್ಪ ತಕರಾರಿನ ವಿಷಯ.

ಮೊದಲು ಒಂದು ಗುಟ್ಟು ಹೇಳಿಬಿಡುತ್ತೇನೆ. ಹದಿನೇಳು ನಿಯಮ ಬರೆದ ನಾನು ಅಲ್ಲಿಯ ತನಕ ಒಂದೇ ಒಂದು ಕಛೇರಿಯನ್ನೂ ಕಣ್ಣಾರೆ ಕಂಡಿರಲಿಲ್ಲ. (ಈ ಮಾತು ನಮ್ಮಿಬ್ಬರಲ್ಲೇ ಇರಲಿ.) ನನ್ನ ಸಂಗೀತವೆಲ್ಲ ಬ್ಯಾಟರಿ ರೇಡಿಯೋದ್ದು. ಎಂಟು ವರ್ಷಗಳಿಂದ ಅದರ ಪೆಟ್ಟಿಗೆಗೆ ಕಿವಿಯೊಡ್ಡಿ ಪಾಂಡುಬುವಾ ಅವರ ಹಾಡು ಕೇಳಿದ್ದೇನೆ. ಅವರು ಒಂದು ಆಲಾಪ ಎತ್ತಿಕೊಂಡರೆ ನನಗೆ ಊಟ ಬೇಡ, ನಿದ್ದೆ ಬೇಡ. ಸಾಯುವುದರೊಳಗೆ ಒಮ್ಮೆ ಆ ಮನುಷ್ಯನ ಎದುರು, ಮೊದಲ ಸಾಲಿನಲ್ಲಿ ಕೂತು, ಅವರು ಬಾಯಿ ತೆರೆಯುವುದನ್ನು ನೋಡುತ್ತ ಕೇಳಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಇದರಲ್ಲಿ ತಮಾಷೆಯೇನೂ ಇಲ್ಲ, ನಿಜವಾಗಿಯೂ ಅದೊಂದೇ ಆಸೆ.

ರೇಡಿಯೋದಲ್ಲಿ ಯಾರೂ ಕೆಮ್ಮುವುದಿಲ್ಲ, ಯಾರೂ ಮಾತಾಡುವುದಿಲ್ಲ, ಯಾರೂ ಎದ್ದು ಹೋಗುವುದಿಲ್ಲ. ಆದ್ದರಿಂದ ಕಛೇರಿ ಎಂದರೆ ಪರೀಕ್ಷೆಯ ಕೋಣೆಯಷ್ಟು ನಿಶ್ಶಬ್ದವಾಗಿರುತ್ತದೆ ಎಂದು ನಾನು ನಿರ್ಧರಿಸಿಬಿಟ್ಟಿದ್ದೆ. ನನ್ನ ನಿಯಮಗಳೆಲ್ಲ ಹುಟ್ಟಿದ್ದು ಆ ಪೆಟ್ಟಿಗೆಯಿಂದ.

ಹೋದ ವರ್ಷ ಚೌತಿಗೆ ಎಂಟು ದಿನ ಮುಂಚೆ ಕುಮಟೆಯ ಗಾಯನ ಮಂಡಳಿಯ ಕಾರ್ಯದರ್ಶಿ ಅನಂತಮೂರ್ತಿಯಿಂದ ಕಾಗದ ಬಂತು. ಅನಂತಮೂರ್ತಿ ಮತ್ತು ನಾನು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ‘ಗಣೇಶೋತ್ಸವದ ಭಾನುವಾರ ಮಧ್ಯಾಹ್ನ ಮೂರಕ್ಕೆ ಪಾಂಡುಬುವಾ ಅವರ ಗಾಯನ. ಮೊದಲ ಸಾಲಿನಲ್ಲಿ ನಿನಗೆ ಎರಡು ಕುರ್ಚಿ ಕಾದಿರಿಸಿದ್ದೇನೆ. ಸಪತ್ನೀಕನಾಗಿ ಬಾ’ ಎಂದು ಬರೆದಿದ್ದ. ನಾನು ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಬಳಿಕ ಅದನ್ನು ಜೇಬಿನಲ್ಲಿಟ್ಟುಕೊಂಡು ಊರು ಸುತ್ತಿದೆ. ಬಸ್ ಏಜೆಂಟ್ ವೆಂಕ್ಟ್ರಮಣನಿಗೆ ತೋರಿಸಿದ್ದೇ ಸಾಕಾಯಿತು. ಅವನು ಭಟ್ಕಳದಿಂದ ಬಂದ ಬಸ್ಸಿಗೂ ಭಟ್ಕಳಕ್ಕೆ ಹೋಗುವ ಬಸ್ಸಿಗೂ ಆ ಸುದ್ದಿ ಹತ್ತಿಸಿ ಕಳಿಸಿದ.

‘ಸಪತ್ನೀಕ’ ಎಂಬ ಶಬ್ದವೊಂದೇ ನನಗೆ ಚಿಂತೆ ಹತ್ತಿಸಿದ್ದು. ನನ್ನ ಹೆಂಡತಿ ಗಂಗೆ ಕರ್ಕಿಯವಳು. ನನ್ನ ಮಾವ ಸೋಮಯ್ಯನವರು ನಲವತ್ತು ವರ್ಷ ಯಕ್ಷಗಾನದ ಆಟಗಳಲ್ಲಿ ಮದ್ದಳೆ ಬಾರಿಸಿದವರು. ಅವಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಮದ್ದಳೆಯ ಮಗ್ಗುಲಲ್ಲೇ. ಆಟದ ಗದ್ದಲದಲ್ಲಿ ಬೆಳೆದ ಹೆಂಗಸನ್ನು ಶಾಸ್ತ್ರೀಯ ಸಂಗೀತದ ಮೊದಲ ಸಾಲಿನಲ್ಲಿ ಕೂರಿಸುವುದು ಅಪಾಯದ ಕೆಲಸ ಎಂದು ನನಗನ್ನಿಸಿತು. ಅದಕ್ಕೇ ಅವಳನ್ನು ಎದುರು ಕೂರಿಸಿಕೊಂಡು ಪಾಠ ಶುರುಮಾಡಿದೆ.

“ನಿಯಮ ಒಂದು. ಗಾಯನ ನಡೆಯುವಾಗ ಬಾಯಿಂದ ಯಾವ ಸದ್ದೂ ಹೊರಡಬಾರದು.”

“ಉಸ್ರು ಬಿಡ್ಲಕ್ಕಾ?”

“ಬಿಡಬಹುದು. ಮೂಗಿನಿಂದ.”

“ಹಾಡು ಚಲೋ ಬಂದ್ರೆ ಎಂತ ಮಾಡೂದು?”

“ಮನಸ್ಸಿನಲ್ಲೇ ಮೆಚ್ಚಬೇಕು.”

“ನೀವು ಮನ್ಸಲ್ಲೇ ಮೆಚ್ಕಂಡ್ರೆ ಹಾಡೋರಿಗೆ ಹ್ಯಾಂಗೆ ಗೊತ್ತಾಗ್ತದೆ ಮಾರಾಯ್ರೆ? ಅಪ್ಪಯ್ಯ ಮದ್ದಳೆ ಬಾರಿಸ್ತಾ ಬಾರಿಸ್ತಾನೇ ಭಾಗವತ್ರಿಗೆ ‘ಭೇಷ್’ ಅಂತಿದ್ರು. ಅದನ್ನ ಕೇಳಿ ಭಾಗವತ್ರು ಇನ್ನೊಂದು ಸಲ ಹಾಡೋರು.”

“ಅದು ಆಟ ಗಂಗೇ. ಇದು ಶಾಸ್ತ್ರೀಯ ಸಂಗೀತ.”

“ಆತು. ಮುಂದೆ ಹೇಳಿ.”

ಮುಂದೆ ಹೇಳಿದೆ. ಆರನೆಯ ನಿಯಮದ ಪ್ರಕಾರ ಸಭಾಂಗಣದೊಳಗೆ ತಿಂಡಿಯ ಗಂಟು ಒಯ್ಯುವಂತಿಲ್ಲ. ಒಂಬತ್ತರ ಪ್ರಕಾರ ಬೀಸಣಿಗೆ ಬೀಸಿಕೊಳ್ಳುವಂತಿಲ್ಲ, ಗಾಯಕರ ಲಕ್ಷ್ಯ ಕದಲುತ್ತದೆ. ಹನ್ನೆರಡರ ಪ್ರಕಾರ ಕೊಡೆ ನಿಷಿದ್ಧ, ನೀರು ತೊಟ್ಟಿಕ್ಕುತ್ತದೆ. ಹದಿನೇಳನೆಯದು ಎಲ್ಲಕ್ಕಿಂತ ಮುಖ್ಯವೆಂದು ಅಡಿಗೆರೆ ಎಳೆದಿದ್ದೆ: ಶ್ರೋತೃಗಳು ಕಲಾವಿದರ ಹತ್ತಿರ ಸುಳಿಯಬಾರದು, ಅವರಿಗೆ ಯಾವ ಕಾರಣಕ್ಕೂ ಸಲಹೆ ಕೊಡಬಾರದು. ಗಂಗೆ ಎಲ್ಲದಕ್ಕೂ ಗೋಣು ಹಾಕಿದಳು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಅವಳು ಗೋಣು ಹಾಕಿದರೆ ಒಪ್ಪಿದಳೆಂದೇ ನಾನು ತಿಳಿಯುತ್ತೇನೆ. ಇದು ನನ್ನ ದೋಷ.

ಭಾನುವಾರ ಬೆಳಿಗ್ಗೆ ಶಿರಾಲಿಯ ಬಸ್ ಸ್ಟ್ಯಾಂಡಿನಲ್ಲಿ ನೋಡುತ್ತೇನೆ, ಅವಳ ಕಂಕುಳಲ್ಲಿ ಮಗುವಿನ ಗಾತ್ರದ ಗಂಟು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೋಟು, ಕರಿ ಟೊಪ್ಪಿ ತೊಟ್ಟು ಬರಿಗೈಯಲ್ಲಿ ನಿಂತಿದ್ದೆ.

“ಅದೇನು?”

“ಒಗ್ಗರಣೆ ಅವಲಕ್ಕಿ ಅದೆ. ಕೊಡೆ ಅದೆ. ಎರಡು ಒಣ ಪಂಚೆ ಅದೆ.”

“ಮತ್ತೆ ಅದೇನು ಮೇಲೆ ಕಾಣುವುದು? ಬೀಸಣಿಗೆಯೋ? ಗಂಗೇ, ಹೊರಗೆ ಮಳೆ ಹೊಯ್ಯುತ್ತಿದೆ, ಈ ಮಳೆಯಲ್ಲಿ ಬೀಸಣಿಗೆ!”

“ಕಿಟಕಿ ಮುಚ್ಚಿ ಐನೂರು ಜನ ಕೂಡ್ರೂ ಜಾಗ. ಮೊದ್ಲು ಬೆವ್ರೂದೇ ನೀವು, ಕೋಟು ಬೇರೆ ಹಾಕ್ಕಂಡಿದ್ರಿ. ಅಡಿಕೆ ಹಾಳೆದು, ಭಾರ ಎಂತ ಇಲ್ಲ.”

ವೆಂಕ್ಟ್ರಮಣ ನಮ್ಮ ಹಿಂದೆಯೇ ಬಸ್ಸು ಹತ್ತಿದ. ಮಾಸ್ತರರು ಮೊದಲ ಸಾಲಿನಲ್ಲಿ ಕೂರುವುದನ್ನು ಸ್ವತಃ ನೋಡಬೇಕೆಂದು ಏಜೆಂಟಗಿರಿಗೆ ಒಂದು ದಿನ ರಜೆ ಹಾಕಿದ್ದನಂತೆ. ನನಗೆ ಸಂತೋಷವೇ ಆಯಿತು. ಸಾಕ್ಷಿ ಇದ್ದರೆ ಒಳ್ಳೆಯದು.

ಶರಾವತಿಯ ದಡದಲ್ಲಿ ಬಸ್ಸಿಳಿದು ಲಾಂಚಿಗೆ ಕಾಯಬೇಕು. ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಲಾಂಚು ನಡುಹೊಳೆಗೆ ಬಂದಾಗ ಅಳಿವೆಯ ಕಡೆಯಿಂದ ಬಂದ ಮಳೆ ಅಡ್ಡಡ್ಡ ಹೊಡೆಯಿತು. ಗಂಗೆ ಕೊಡೆ ಬಿಚ್ಚಿ ಅದನ್ನು ನನ್ನತ್ತ ಚಾಚಿದಳು. ಹನ್ನೆರಡನೆಯ ನಿಯಮ ಬರೆದವನು ಅದರ ಅಡಿಯಲ್ಲಿ ಹೇಗೆ ನಿಲ್ಲುವುದು? ನಾನು ನೆನೆದೆ. ಹೊನ್ನಾವರದ ಧಕ್ಕೆಯಲ್ಲಿ ಇಳಿಯುವಾಗ ಕೋಟಿನ ತೋಳಿನಿಂದ ಹೊಳೆಯೇ ಇಳಿಯುತ್ತಿತ್ತು. ಗಂಗೆ ಗಂಟು ಬಿಚ್ಚಿ ಒಣ ಪಂಚೆ ಕೊಟ್ಟಳು. ಹೀಗೆ ನಾನು ಕುಮಟೆಗೆ ತಲುಪಿದ್ದು ಇಸ್ತ್ರಿ ಹೋದ ಅಂಗಿ ಮತ್ತು ಮಾವನವರ ಕಾಲದ ಪಂಚೆಯಲ್ಲಿ. ಟೊಪ್ಪಿಯೊಂದು ಮಾತ್ರ ಹೇಗೋ ಮರ್ಯಾದೆ ಉಳಿಸಿಕೊಂಡಿತ್ತು.

ಆದರೆ ಸಭಾಂಗಣದ ಮೊದಲ ಸಾಲಿನಲ್ಲಿ ಒಂದು ಕುರ್ಚಿಯ ಬೆನ್ನಿಗೆ ರಟ್ಟಿನ ಚೀಟಿ ಅಂಟಿಸಿದ್ದರು: ‘ಶ್ರೀ ಮಹಾಗಣಪತಿ ಮಾಸ್ತರ, ಶಿರಾಲಿ’. ನಾನು ಕುಳಿತೆ. ಎದುರಿಗೆ ಎಂಟು ಮೊಳ ದೂರದಲ್ಲಿ ಬಿಳಿ ಹಾಸು ಹಾಸಿದ ವೇದಿಕೆ, ಮೇಲೆ ಎರಡು ತಂಬೂರಿ. ಹಿಂದಿರುಗಿ ನೋಡಿದರೆ ಐದನೆಯ ಸಾಲಿನಿಂದ ವೆಂಕ್ಟ್ರಮಣ ಕೈ ಬೀಸುತ್ತಿದ್ದ. ಆ ಕುರ್ಚಿಯಲ್ಲಿ ನಾನು ಲೆಕ್ಕ ಹಿಡಿದು ನಾಲ್ಕು ನಿಮಿಷ ಕೂತಿದ್ದೇನೆ. ನನ್ನ ಜೀವಮಾನದಲ್ಲಿ ಅಷ್ಟು ಸುಖದ ನಾಲ್ಕು ನಿಮಿಷ ಬೇರೆ ಇಲ್ಲ.

ಐದನೆಯ ನಿಮಿಷಕ್ಕೆ ಅನಂತಮೂರ್ತಿ ಬಂದು, “ಬಾರಾ, ಬುವಾ ಅವರಿಗೆ ನಿನ್ನ ಪರಿಚಯ ಮಾಡಿಸ್ತೆ,” ಎಂದು ಎಬ್ಬಿಸಿಕೊಂಡು ಹೋದ. ಹದಿನೇಳನೆಯ ನಿಯಮ ನೆನಪಾಯಿತು. ಕಾರ್ಯದರ್ಶಿಯೇ ಕರೆದರೆ ಅದು ಲಾಗೂ ಆಗುವುದಿಲ್ಲ ಎಂದು ಅಲ್ಲಿಯೇ ತಿದ್ದುಪಡಿ ಮಾಡಿಕೊಂಡು ಹೊರಟೆ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಪಾಂಡುಬುವಾ ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದರು. ನಾನು ಕಾಲಿಗೆ ಬಿದ್ದೆ. ಎದ್ದವನಿಗೆ ಏನಾಯಿತೋ ಗೊತ್ತಿಲ್ಲ, ಬಾಯಿ ತಾನಾಗಿ ಮಾತಾಡತೊಡಗಿತು. “ಎಂಟು ವರ್ಷದಿಂದ ತಮ್ಮ ಆರಾಧಕ. ರಾಗಕ್ಕಿಂತಲೂ ನನಗೆ ಲಯದ ಮೇಲೆ ಹೆಚ್ಚು ಹಿಡಿತ. ಲಯ ಅಂದರೆ ನನ್ನ ಉಸಿರು ಅಂತಲೇ ಹೇಳಬಹುದು,” ಎಂದೆ. ಬುವಾ ನಕ್ಕರು. ಮೂಲೆಯಲ್ಲಿದ್ದ ತಬಲಾ ಮಾಸ್ತರ ದಾಸಪ್ಪನವರು ಮಾತ್ರ ನಗಲಿಲ್ಲ. ಅವರು ಸುತ್ತಿಗೆ ಹಿಡಿದು ತಬಲಾದ ಅಂಚಿಗೆ ಬಡಿಯುತ್ತಿದ್ದರು, ಬೆರಳಿನಿಂದ ನುಡಿಸಿ ನೋಡುತ್ತಿದ್ದರು, ಮತ್ತೆ ಬಡಿಯುತ್ತಿದ್ದರು. ಅದರಿಂದ ‘ಥಪ್ ಥಪ್’ ಎಂದು ಒದ್ದೆ ಗೋಣಿ ಒಗೆದ ಸದ್ದು ಬರುತ್ತಿತ್ತು.

“ಏನಾತ್ರಿ ದಾಸಪ್ಪ?” ಬುವಾ ಕೇಳಿದರು.

“ಸುರ ಏರವಲ್ದರಿ ಬುವಾ. ಎರಡೂ ತಬಲಾ ಹಿಂಗ ಆಗ್ಯಾವ. ಘಟ್ಟ ಇಳಿದು ಬಂದಾಗಿಂದ ಚರ್ಮ ಸಡ್ಲ ಬಿಟ್ಟಾವ.”

ನಮ್ಮ ಕಡೆಯ ಮಳೆಗಾಲದಲ್ಲಿ ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುತ್ತದೆ. ಬಯಲುಸೀಮೆಯ ತಬಲಾ ಯಾವ ಲೆಕ್ಕ? ಆದರೆ ಬುವಾ ಚಹಾದ ಕಪ್ಪು ಕೆಳಗಿಟ್ಟು, “ಈ ತಬಲಾದ ಮ್ಯಾಲೆ ನಾ ಹಾಡಂಗಿಲ್ಲರಿ ಅನಂತಮೂರ್ತಿ. ಹಾಡಿದರ ಕೇಳೋವರಿಗೆ ಮೋಸ ಮಾಡಿಧಂಗ,” ಎಂದರು. ಊರಿನ ಭಜನೆಯವರ ತಬಲಾ ತರಿಸಿದರು. ಅದು ‘ಥಪ್’ ಎಂದೂ ಅನ್ನಲಿಲ್ಲ. ಹೊರಗೆ ಮೂರೂಕಾಲಾಗಿ ಜನ ಚಪ್ಪಾಳೆ ತಟ್ಟಿ ಕರೆಯಲು ಶುರುಮಾಡಿದ್ದರು. ಅನಂತಮೂರ್ತಿಯ ಮುಖ ಸುಣ್ಣದಂತಾಯಿತು. ಎಂಟು ವರ್ಷ ಕಾದು, ಎಂಟು ಮೊಳದ ಹತ್ತಿರ ಬಂದು, ಹಾಡು ಕೇಳದೆ ಶಿರಾಲಿಗೆ ಹಿಂದಿರುಗುವುದೇ!

ಆಗ ಬಾಗಿಲಲ್ಲಿ ಗಂಗೆಯ ದನಿ ಕೇಳಿತು. “ಅದ್ನ ಒಂಚೂರು ಕಾಯಿಸ್ಬೇಕು.”

“ನಿಯಮ ಹದಿನೇಳು!” ಎಂದು ನಾನು ಹಲ್ಲು ಕಚ್ಚಿ ಪಿಸುಗುಟ್ಟಿದೆ.

“ನೀವು ಸುಮ್ನಿರಿ. ಅಲ್ಲಿ ಕೂತ್ಕಂಡೇ ಕೇಳ್ದೆ, ಅದ್ರ ಚರ್ಮ ಥಂಡಿ ಕುಡ್ದದೆ.”

ದಾಸಪ್ಪನವರು ತಲೆಯೆತ್ತಿದರು. “ನಮ್ಮ ಕಡೆ ಬಿಸಿಲಿಗೆ ಇಡತೇವ್ರಿ ತಾಯಿ. ಇಲ್ಲಿ ಬಿಸಿಲು ಎಲ್ಲಿಂದ ತರೂದು?”

“ಬಿಸ್ಲು ಎಂತಕೆ? ಗರಟೆ ಕೆಂಡ ಸಾಕು. ನಮ್ಮನೆಯಲ್ಲಿ ಮಳೆಗಾಲ ಬಂತೂಂದ್ರೆ ಅಪ್ಪಯ್ಯನ ಮದ್ದಳೆ ಕಾಯ್ಸೂ ಕೆಲ್ಸ ನಂದೇ ಆಗಿತ್ತು.”

ಕೋಣೆಯ ಆಚೆಗೆ, ವೇದಿಕೆಯ ಮಗ್ಗುಲಿಗೇ, ಬಿದಿರ ತಡಿಕೆ ಮರೆಮಾಡಿ ಕಟ್ಟಿದ ಮಾಡಿನಡಿ ಚಹಾದ ಒಲೆಯಿತ್ತು. ಗಂಗೆ ಸೆರಗು ಸಿಕ್ಕಿಸಿಕೊಂಡು ಹೋದಳು. ಕಟ್ಟಿಗೆಯ ಕೆಂಡ ಬೇಡ, ಹೊಗೆಯಾಡುತ್ತದೆ ಎಂದಳು. ತೆಂಗಿನ ಗರಟೆಗಳನ್ನು ಉರಿಸಿ, ಉರಿ ಇಳಿದ ಮೇಲೆ ಕೆಂಡವನ್ನು ಮಣ್ಣಿನ ಅಗ್ಗಿಷ್ಟಿಕೆಗೆ ತುಂಬಿದಳು. ತಬಲಾವನ್ನು ಒಂದು ಗೇಣು ಎತ್ತರದಲ್ಲಿ ಬಾಯಿ ಕೆಳಗಾಗಿ ಹಿಡಿದು, ದೋಸೆ ತಿರುವಿದಷ್ಟು ಸಲೀಸಾಗಿ ಸುತ್ತ ತಿರುಗಿಸಿದಳು. ನಡುನಡುವೆ ಅದರ ಚರ್ಮವನ್ನು ಕೆನ್ನೆಗೆ ಮುಟ್ಟಿಸಿ ಕಾವು ನೋಡಿದಳು. “ಹೆಚ್ಚಾದ್ರೆ ನಡೂಕಿನ ಕಪ್ಪು ಕರಣೆ ಬಿರೀತದೆ,” ಎಂದು ದಾಸಪ್ಪನವರಿಗೆ ಹೇಳಿದಳು. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ತಬಲಾ ಅವರ ಕೈಗೆ ಕೊಟ್ಟಳು. ಎರಡು ಪೆಟ್ಟು ಸುತ್ತಿಗೆ, ಆಮೇಲೆ ಒಂದು ಬೆರಳು.

‘ಟಿಣ್!’

ಕೋಣೆಯೊಳಗಿಂದ ಬುವಾ ಎದ್ದು ಬಂದರು. “ಯಾರ ಮಗಳವ್ವಾ ನೀನು?”

“ಕರ್ಕಿ ಮದ್ದಳೆ ಸೋಮಯ್ಯನ ಮಗಳು.” ಹೆಂಡತಿಯನ್ನು ಪರಿಚಯಿಸುವಾಗ ಗಂಡನ ಹೆಸರು ಹೇಳುವುದು ರೂಢಿ ಎಂದು ನಾನು ಹೇಳಬೇಕೆಂದಿದ್ದೆ. ಆಗ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

“ಆದ್ರೆ ಈ ಕಾವು ಇಪ್ಪತ್ತು ನಿಮಿಷಕ್ಕಿಂತ ನಿಲ್ಲೂದಿಲ್ಲ,” ಎಂದಳು ಗಂಗೆ. “ಎರಡು ತಬಲಾ ಅದೆಯಲ್ಲ, ಒಂದು ಬಾರಿಸ್ವಾಗ ಇನ್ನೊಂದು ಕಾಯ್ತಾ ಇರ್ಬೇಕು. ಸುರ ಇಳಿಯೂಕೆ ಹತ್ತಿದ್ರೆ ನಂಗೆ ಗೊತ್ತಾಗ್ತದೆ, ಮುಂದೆ ಕೂತು ಬೆರ್ಳು ಎತ್ತಿ ತೋರಿಸ್ತೆ. ಇಲ್ಲಿ ಕೆಂಡ ಆರದ ಹಾಂಗೆ ಒಬ್ರು ಬೀಸ್ತಾ ಇರ್ಬೇಕು. ಒಂದೇ ಸಮ ಬೀಸ್ಬೇಕು, ಜೋರಾದ್ರೆ ಬೂದಿ ಹಾರ್ತದೆ.” ಗಂಟಿಗೆ ಕೈ ಹಾಕಿ ಹಾಳೆಬೀಸಣಿಗೆ ತೆಗೆದಳು.

ಚಹಾದ ಹೊನ್ನ ಎರಡೂ ಕೈ ಮೇಲೆತ್ತಿದ. “ನನ್ನತ್ರ ಆತಿಲ್ಲ ಅಮ್ಮಾ, ಐನೂರು ಜನ್ರ ಚಾ ಅದೆ.”

“ಲಯ ಗೊತ್ತಿದ್ದ ಮನಷ್ಯಾ ಬೇಕ್ರಿ,” ಎಂದರು ದಾಸಪ್ಪನವರು. ಅವರ ಕಣ್ಣು ಕೋಣೆಯೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು. “ಮಾಸ್ತರ, ಈಗ ಹೇಳಿದ್ರೆಲ್ಲಾ, ಲಯ ಅಂದ್ರ ನಿಮ್ಮ ಉಸಿರು ಅಂತ?”

ನಾನು ಗಂಗೆಯ ಮುಖ ನೋಡಿದೆ. ಸಹಧರ್ಮಿಣಿಯಲ್ಲವೇ, ಏನಾದರೂ ನೆಪ ಹೇಳಿ ಬಿಡಿಸಿಕೊಂಡಾಳು ಎಂದುಕೊಂಡೆ. ಗಂಗೆ ಹೇಳಿದಳು: “ಇವ್ರು ಚಲೋ ಮಾಡ್ತಾರೆ. ಶಾಲೆ ಮಾಸ್ತರ್ರು, ನಿಯಮ ಅಂದ್ರೆ ನಿಯಮ. ಕೇಳ್ತ್ರಾ, ನಿಯಮ ಒಂದು, ಬೀಸೂದು ನಿಲ್ಲಿಸ್ಬಾರ್ದು. ಎರಡನೇದು, ಕೆಂಡ ಬಿಟ್ಟು ಏಳ್ಬಾರ್ದು. ನಾ ಬೆರ್ಳು ಎತ್ತಿದಾಗ ಮಾತ್ರ ತಬಲಾ ತಕಂಡು ಬನ್ನಿ.” ಬೀಸಣಿಗೆಯನ್ನು ನನ್ನ ಕೈಗಿಟ್ಟು ಹೊರಟೇ ಹೋದಳು.

ಹೀಗೆ, ಮಾನ್ಯ ಓದುಗರೇ, ಪಾಂಡುಬುವಾ ಅವರು ಭೀಮಪಲಾಸಿ ರಾಗ ಎತ್ತಿಕೊಂಡಾಗ ಅವರ ಪರಮ ಆರಾಧಕ ತಡಿಕೆಯ ಹಿಂದೆ, ಚಹಾದ ಹಂಡೆಯ ಪಕ್ಕದಲ್ಲಿ, ಕುಕ್ಕುರುಗಾಲಲ್ಲಿ ಕೂತು ಕೆಂಡ ಬೀಸುತ್ತಿದ್ದ. ತಡಿಕೆಯ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿದೆ. ಮೊದಲ ಸಾಲು ಕಂಡಿತು. ಒಂದು ಕುರ್ಚಿಯಲ್ಲಿ ಗಂಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪಕ್ಕದಲ್ಲಿ, ನನ್ನ ಹೆಸರು ಬರೆದ ಕುರ್ಚಿಯಲ್ಲಿ, ಅವಳ ಅವಲಕ್ಕಿಯ ಗಂಟು ಕೂತಿತ್ತು.

ಇನ್ನೊಂದು ಆಘಾತವೂ ಕಾದಿತ್ತು. ಜನ ಸುಮ್ಮನಿರಲೇ ಇಲ್ಲ! ಬುವಾ ಒಂದು ಜಾಗಕ್ಕೆ ಬಂದು ನಿಂತರೆ ಎಡಗಡೆಯಿಂದ “ವಾಹ್!”, ಬಲಗಡೆಯಿಂದ “ಕ್ಯಾ ಬಾತ್ ಹೈ!”, ಹಿಂದಿನಿಂದ ಯಾರೋ ತೊಡೆ ತಟ್ಟಿದ ಸದ್ದು. ಇವರಿಗೆಲ್ಲ ನಿಯಮ ಕಲಿಸಿದವರು ಯಾರೂ ಇಲ್ಲವೇ ಎಂದು ನಾನು ಸಿಟ್ಟಾದೆ. ಅಷ್ಟರಲ್ಲಿ ಗಂಗೆಯ ದನಿ ಖಣ್ ಎಂದಿತು: “ಭೇಷ್!” ನಾನು ಕಣ್ಣು ಮುಚ್ಚಿಕೊಂಡೆ. ಮರ್ಯಾದೆ ಹೋಯಿತು ಎಂದುಕೊಂಡೆ. ಕಣ್ಣು ತೆರೆದು ನೋಡಿದರೆ ಬುವಾ ಅವಳ ಕಡೆ ಕೈ ಚಾಚಿ, ನಗುತ್ತ, ಅದೇ ಜಾಗವನ್ನು ಇನ್ನೊಮ್ಮೆ ಹಾಡುತ್ತಿದ್ದರು. ಅವಳು ಮನೆಯಲ್ಲಿ ಹೇಳಿದ್ದೇ ಆಗುತ್ತಿತ್ತು.

ಗಂಗೆಯ ಬೆರಳು ಮೇಲೇರಿತು. ನಾನು ಕಾದ ತಬಲಾವನ್ನು ಎದೆಗೊತ್ತಿಕೊಂಡು, ಬಗ್ಗಿ, ಐನೂರು ಜನರ ಕಣ್ಣೆದುರು ವೇದಿಕೆಗೆ ನಡೆದೆ. ತಣ್ಣಗಾದದ್ದನ್ನು ಎತ್ತಿಕೊಂಡು ಹಿಂದಿರುಗಿದೆ. ಎರಡನೆಯ ಸಾಲಿನ ಯಾರೋ, “ತಬಲಾದವರ ಆಳು ಚಲೋ ಇದ್ದಾನೆ, ಟೊಪ್ಪಿ ಕೂಡ ಹಾಕ್ಕಂಡಿದ್ದಾನೆ,” ಎಂದದ್ದು ಕೇಳಿಸಿತು. ಅದು ಸಾಲದೆಂಬಂತೆ ಐದನೆಯ ಸಾಲಿನಿಂದ ವೆಂಕ್ಟ್ರಮಣ ಎದ್ದು ನಿಂತು, “ಹೋಯ್, ಅದು ಆಳಲ್ಲ! ನಮ್ಮ ಮಾಸ್ತರ್ರು!” ಎಂದು ಬಸ್ಸಿಗೆ ಕೂಗುವ ಗಂಟಲಿನಲ್ಲಿ ಇಡೀ ಸಭೆಗೆ ಸಾರಿದ. ಅಲ್ಲಿಯ ತನಕ ನಾನು ಯಾರೆಂದು ಯಾರಿಗೂ ಗೊತ್ತಿಲ್ಲವೆಂಬ ರಕ್ಷಣೆಯಾದರೂ ಇತ್ತು.

ಎರಡನೆಯ ಸಲ ಹೋದೆ, ಮೂರನೆಯ ಸಲ ಹೋದೆ. ಅಷ್ಟರ ಮೇಲೆ ನಾಚಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬುವಾ ಮುಲ್ತಾನಿ ಶುರುಮಾಡಿದ್ದರು. ರೇಡಿಯೋದಲ್ಲಿ ಅವರ ದನಿಗೆ ಯಾವಾಗಲೂ ಒಂದು ಕರಕರ ಅಂಟಿಕೊಂಡಿರುತ್ತಿತ್ತು, ಅದು ಅವರ ದನಿಯದೇ ಎಂದು ನಾನು ತಿಳಿದಿದ್ದೆ. ತಡಿಕೆಯನ್ನು ದಾಟಿ ಬಂದ ದನಿಯಲ್ಲಿ ಅದಿರಲಿಲ್ಲ. ಅದು ತಿಳಿಯಾಗಿ, ಹತ್ತಿರದಿಂದ, ನನ್ನ ಬೆನ್ನು ಮುಟ್ಟುವ ಹಾಗೆ ಬಂತು. ನನ್ನ ಕೈಯ ಬೀಸಣಿಗೆ ತಾನಾಗಿ ಅವರ ಲಯಕ್ಕೆ ಬಿದ್ದಿತ್ತು. ಅವರು ನಿಧಾನವಾದರೆ ಕೆಂಡ ಮಂಕಾಗುತ್ತಿತ್ತು, ಅವರು ಮೇಲೇರಿದರೆ ಕೆಂಡ ಕೆಂಪಾಗುತ್ತಿತ್ತು. ಒಂದು ತಾನ ಎತ್ತಿಕೊಂಡರು. ಅದು ಏರಿತು, ಸುತ್ತಿತು, ಇನ್ನೇನು ತಾಳ ತಪ್ಪಿತು ಎನ್ನುವಷ್ಟು ದೂರ ಹೋಯಿತು. ನಾನು ಉಸಿರು ಬಿಗಿಹಿಡಿದೆ. ಅಲ್ಲಿಂದ ನೇರ ಇಳಿದು ಬಂದು ಸಮದ ಮೇಲೆ ಕೂತಿತು.

“ವಾಹ್!” ಎಂದುಬಿಟ್ಟೆ ನಾನು.

ಎಷ್ಟು ಜೋರಾಗಿ ಎಂದರೆ ಹೊನ್ನನ ಕೈಯಿಂದ ಚಹಾದ ಸೌಟು ಜಾರಿತು. ಆ ಒಂದು ಕ್ಷಣ ಸಭೆಯಲ್ಲಿ ಬೇರೆ ಯಾರೂ ಬಾಯಿ ತೆರೆದಿರಲಿಲ್ಲ. ಬುವಾ ಹಾಡು ನಿಲ್ಲಿಸಿದರು.

“ಯಾರದು? ಹಿಂದ ಯಾರೋ ಜಾಣರು ಕುಂತಾರಲ್ಲಾ!”

“ಶಿರಾಲಿಯ ಮಾಸ್ತರ್ರು ಬುವಾ,” ಎಂದ ಅನಂತಮೂರ್ತಿ. “ನಿಮ್ಮ ತಬಲಾ ಕಾಯಿಸ್ತಾ ಇದ್ದಾರೆ.”

“ಕರೀರಿ ಅವರನ್ನ! ಇಂಥಾವರು ಹಿಂದ ಕೂಡ್ತಾರೇನು? ಮುಂದ ಕೂಡಸ್ರಿ.”

ನಾನು ಎದ್ದೆ. ತಡಿಕೆ ಸರಿಸಿ ಹೊರಗೆ ಬಂದೆ. ಸಭೆ ಚಪ್ಪಾಳೆ ತಟ್ಟಿತು, ವೆಂಕ್ಟ್ರಮಣ ಕುರ್ಚಿಯ ಮೇಲೆ ಹತ್ತಿ ತಟ್ಟಿದ. ಗಂಗೆ ಅವಲಕ್ಕಿಯ ಗಂಟನ್ನು ನನ್ನ ಕುರ್ಚಿಯಿಂದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಕುರ್ಚಿ ಖಾಲಿಯಾಯಿತು. ಅದಕ್ಕೂ ನನಗೂ ನಡುವೆ ಆರು ಹೆಜ್ಜೆ. ನಾನು ಎರಡು ಹೆಜ್ಜೆ ಇಟ್ಟೆ.

“ಬುವಾ, ಅವರು ಎದ್ದರ ನನ್ನ ತಬಲಾ ಮಲಗತೈತ್ರಿ!” ದಾಸಪ್ಪನವರು ಗೋಗರೆದರು.

ನಾನು ಗಂಗೆಯ ಕಡೆ ನೋಡಿದೆ. ಅವಳ ಕಣ್ಣಿನಲ್ಲಿ ಕನಿಕರವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವಳ ಬೆರಳು ಮೇಲೆ ಹೋಗಿತ್ತು. ನಾನು ತಿರುಗಿ, ಬೀಸಣಿಗೆ ಹಿಡಿದು, ಕೆಂಡದ ಕಡೆಗೆ ನಡೆದೆ. ಸಭೆ ಬಿದ್ದು ಬಿದ್ದು ನಕ್ಕಿತು.

ಬುವಾ ನಗಲಿಲ್ಲ. “ಆ ತಡಿಕಿ ತಗೀರಿ,” ಎಂದರು. ಇಬ್ಬರು ಬಂದು ತಡಿಕೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಬುವಾ ತಮ್ಮ ಹಾಸಿನ ಮೇಲೆ ಪೂರ್ತಿ ತಿರುಗಿ ನನ್ನತ್ತ ಮುಖ ಮಾಡಿ ಕೂತರು. ಕೊನೆಯ ಭಜನೆಯನ್ನು, ಅರ್ಧ ಗಂಟೆ, ಹಾಗೆಯೇ ಕೂತು ಹಾಡಿದರು. ಕುಮಟೆಯ ಐನೂರು ಜನರಿಗೆ ಬುವಾ ಅವರ ಕಿವಿ ಕಂಡಿತು. ಮುಖ ಕಂಡದ್ದು ನನಗೊಬ್ಬನಿಗೆ. ಅವರು ಬಾಯಿ ತೆರೆಯುವುದನ್ನು, ಕಣ್ಣು ಮುಚ್ಚುವುದನ್ನು, ಹಾಡುತ್ತ ಹಾಡುತ್ತ ನನ್ನ ಬೀಸಣಿಗೆಯ ಕಡೆ ನೋಡಿ ತಲೆದೂಗುವುದನ್ನು ನಾನು ನೋಡಿದೆ. ನಾನು ಅತ್ತೆ. ಹೊಗೆಯಿಂದ ಕಣ್ಣಲ್ಲಿ ನೀರು ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಗರಟೆಯ ಕೆಂಡಕ್ಕೆ ಹೊಗೆಯೇ ಇರುವುದಿಲ್ಲ.

ರಾತ್ರಿಯ ಬಸ್ಸಿಗೆ ಕರ್ಕಿಗೆ ಬಂದು ಮಾವನ ಮನೆಯಲ್ಲಿ ಉಳಿದೆವು. ಮಾವನವರು ಕಥೆಯನ್ನೆಲ್ಲ ಕೇಳಿ, ಬೀಸಣಿಗೆಯನ್ನು ತಿರುಗಿಸಿ ನೋಡಿ, “ತುದಿಯೂ ಸುಡ್ಲಿಲ್ಲ. ಭೇಷ್,” ಎಂದರು. ಹನ್ನೆರಡು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಗಂಗೆ ಒಳಗಿನಿಂದ, “ಬೀಸೂದು ಚಲೋ ಬತ್ತದೆ ಇವ್ರಿಗೆ, ಇಷ್ಟು ದಿನ ಗೊತ್ತೇ ಇರ್ಲಿಲ್ಲ,” ಎಂದಳು.

ಶಿರಾಲಿಯಲ್ಲಿ ಮುಂದೆ ಆರು ತಿಂಗಳು ನನ್ನದೇ ರಾಜ್ಯಭಾರ. ವೆಂಕ್ಟ್ರಮಣನ ವರದಿಯ ಪ್ರಕಾರ ಬುವಾ ಅವರು ಐನೂರು ಜನರಿಗೆ ಬೆನ್ನು ಹಾಕಿ ಮಾಸ್ತರರೊಬ್ಬರಿಗೇ ಹಾಡಿದರು. (ಬೆನ್ನಲ್ಲ, ಕಿವಿ. ಆದರೆ ನಾನು ತಿದ್ದಲು ಹೋಗಲಿಲ್ಲ.) ದೊಡ್ಡ ಕಛೇರಿಗೆ ಹೋಗುವುದು ಹೇಗೆ ಎಂದು ಕೇಳಲು ಭಟ್ಕಳದಿಂದಲೂ ಜನ ಬಂದರು. ನಾನು ಹಳೆಯ ಹದಿನೇಳು ನಿಯಮಗಳನ್ನು ರದ್ದು ಮಾಡಿ, “ಚಲೋ ಬಂದರೆ ಬಾಯಿಬಿಟ್ಟು ಹೇಳಿ, ಕೊಡೆ ಒಯ್ಯಿರಿ, ಅವಲಕ್ಕಿ ಒಯ್ಯಿರಿ,” ಎಂದು ಗಂಭೀರವಾಗಿ ಬೋಧಿಸಿದೆ. ಗಂಗೆ ಅಡುಗೆಮನೆಯಿಂದ ಕೇಳಿಸಿಕೊಂಡು, ಬಂದವರಿಗೆಲ್ಲ ಅವಲಕ್ಕಿ ತಂದಿಟ್ಟಳು. ಮುಂದಿನ ವರ್ಷ ಆ ಕುರ್ಚಿಯಲ್ಲಿ ಪೂರ್ತಿ ನಾಲ್ಕು ಗಂಟೆ ಕೂರುವುದು ಖಂಡಿತ ಎಂದು ನಾನು ಹೊಸ ಕೋಟನ್ನೂ ಹೊಲಿಸಿಟ್ಟೆ.

ಮೊನ್ನೆ ಕುಮಟೆಯಿಂದ ಕಾಗದ ಬಂತು. ಲಕೋಟೆಯ ಮೇಲೆ ‘ಸೌ. ಗಂಗೆ ಕೋಂ ಮಹಾಗಣಪತಿ, ಶಿರಾಲಿ’ ಎಂದಿತ್ತು. ಗಂಗೆ ಅದನ್ನು ಒಡೆದು ಗಟ್ಟಿಯಾಗಿ ಓದಿದಳು:

‘ಈ ವರ್ಷವೂ ಚೌತಿಯ ಭಾನುವಾರ ಪಾಂಡುಬುವಾ ಅವರ ಗಾಯನವಿದೆ. ಮೊದಲ ಸಾಲಿನಲ್ಲಿ ತಮಗಾಗಿ ಒಂದು ಕುರ್ಚಿ ಕಾದಿರಿಸಿದ್ದೇವೆ. ತಮ್ಮ ಯಜಮಾನರನ್ನು ತಪ್ಪದೇ ಕರೆತರಬೇಕು. ಅವರು ಬಾರದಿದ್ದರೆ ತಾನೂ ಬರುವುದಿಲ್ಲವೆಂದು ದಾಸಪ್ಪನವರು ತಿಳಿಸಿದ್ದಾರೆ. ಗರಟೆ ಎರಡು ಚೀಲ ಕೂಡಿಸಿಟ್ಟಿದ್ದೇವೆ. ಬುವಾ ಅವರ ಅಪ್ಪಣೆಯಂತೆ ಈ ಸಲ ತಡಿಕೆ ಕಟ್ಟುವುದಿಲ್ಲ.’

“ಒಂದು ಕುರ್ಚಿಯೇ?” ಎಂದೆ ನಾನು.

“ನಿಮ್ಗೆ ಎಂತಕೆ ಕುರ್ಚಿ? ಕುರ್ಚಿಯಲ್ಲಿ ಕೂತು ಕೆಂಡ ಬೀಸೂಕೆ ಆತದ್ಯಾ?” ಎಂದಳು ಗಂಗೆ. ಎದ್ದು ಹೋಗಿ ಗೋಡೆಯ ಮೊಳೆಯಿಂದ ಹಾಳೆಬೀಸಣಿಗೆ ತಂದು ನನ್ನ ಕೈಯಲ್ಲಿಟ್ಟಳು. “ಚೌತಿಗೆ ಇನ್ನೂ ಒಂದು ತಿಂಗ್ಳು ಅದೆ. ಅಷ್ಟ್ರೊಳಗೆ ಕೈ ರೂಢಿ ತಪ್ಪಿದ್ರೆ ಮರ್ಯಾದೆ ಹೋಗ್ತದೆ. ಬನ್ನಿ, ಒಲೆ ಹತ್ರ ಕೂಡ್ರಿ.”

ಅಂದಿನಿಂದ ದಿನವೂ ಸಂಜೆ ಶಾಲೆ ಮುಗಿಸಿ ಬಂದವನು ಅಡುಗೆಮನೆಯಲ್ಲಿ ರಿಯಾಜಿಗೆ ಕೂರುತ್ತೇನೆ. ಅನ್ನ ಬೇಯುವ ತನಕ ವಿಲಂಬಿತ, ಸಾರು ಕುದಿಯುವಾಗ ದ್ರುತ. ನೋಡಲು ಬರುವವರು ಯಾವ ನಿಯಮವನ್ನೂ ಪಾಲಿಸಬೇಕಾಗಿಲ್ಲ. ‘ವಾಹ್’ ಎಂದರೆ ನನಗೆ ಸಂತೋಷವೇ, ಗಂಗೆಯಂತೂ ಆಗಾಗ ಅನ್ನುತ್ತಾಳೆ.